ನಿಂಗಮ್ಮನ ಮೀಸೆ ಭತ್ತ

ಹೋದ ತಿಂಗಳು ಮದ್ದೂರಿನಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ, ರಸ್ತೆ ಬದಿಯಲ್ಲಿ ನಾಲ್ಕು ಚೀಲಗಳ ಬಾಯಿ ಬಿಚ್ಚಿಕೊಂಡು ಕೂತಿದ್ದ ಹೆಂಗಸೊಬ್ಬಳ ಹತ್ತಿರ ಎರಡು ಕೆಜಿ ಕೆಂಪಕ್ಕಿ ತೆಗೆದುಕೊಂಡೆ. ಮಂಡ್ಯದ ಮನೆಗೆ ಬಂದು ಡಬ್ಬಕ್ಕೆ ಸುರಿಯುವಾಗ ಅಕ್ಕಿಯ ಜೊತೆ ನಾಲ್ಕೈದು ಒಣಗಿದ ಲಕ್ಕಿ ಎಲೆಗಳು ಉದುರಿದವು. ಕಾಳಿಗೆ ಹುಳ ಬೀಳದಿರಲಿ ಅಂತ ನಮ್ಮ ಕಡೆ ಹಳಬರು ಹಾಕುತ್ತಿದ್ದ ಎಲೆ. ಒಂದನ್ನು ಎತ್ತಿಕೊಂಡು ಬೆರಳುಗಳ ನಡುವೆ ಪುಡಿ ಮಾಡಿದೆ. ಅಬ್ಬಾ, ಆ ಘಾಟು! ಬೇವಿನಷ್ಟು ಕಹಿಯಿಲ್ಲ, ಕರ್ಪೂರದಷ್ಟು ತಣ್ಣಗಿಲ್ಲ, ಎರಡರ ನಡುವಿನ ಎಂಥದೋ ಒಂದು ವಾಸನೆ, ಎಲೆ ಒಣಗಿ ಎಷ್ಟು ದಿನವಾದರೂ ಬಿಟ್ಟು ಹೋಗದ್ದು. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತುಬಿಟ್ಟೆ. ಮಗಳು ಬಂದು ಏನಾಯ್ತಮ್ಮ ಅಂದಳು. ಏನಿಲ್ಲ, ನಮ್ಮಜ್ಜಿ ಬಂದಿದ್ದರು ಅಂದೆ. ಅವಳು ಒಂದು ಸಲ ನನ್ನ ಮುಖ, ಒಂದು ಸಲ ಅಕ್ಕಿ ಡಬ್ಬ ನೋಡಿ, ಹೋಗಿ ಟಿವಿ ಹಾಕಿಕೊಂಡಳು. ಅವಳ ತಪ್ಪೇನಿಲ್ಲ. ಅವಳು ಕಂಡಿರುವುದು ಪ್ಲಾಸ್ಟಿಕ್ ಡಬ್ಬದ ಅಕ್ಕಿ. ಕಾಳು ತುಂಬಿಟ್ಟ ಮನೆಯಲ್ಲಿ ಬೆಳೆದವರಾಗಿದ್ದರೆ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಜ್ಜಿ ಚೌರಮ್ಮನ ಮನೆ ಇದ್ದದ್ದು ಮದ್ದೂರಿಗೂ ಮಳವಳ್ಳಿಗೂ ನಡುವಿನ ನಾಲೆ ಬಯಲಿನಲ್ಲಿ. ಊರೆಂದರೆ ಗೌಡರ ಬೀದಿಗಳು, ಅದರ ಬೆನ್ನಿಗೆ ಒಂಬತ್ತು ಮನೆಗಳ ನಮ್ಮ ಕೇರಿ. ಒಂಬತ್ತೂ ಕ್ರೈಸ್ತರ ಮನೆಗಳೇ. ಕೇರಿಯ ತುದಿಯಲ್ಲಿ ಸುಣ್ಣ ಬಳಿದ ಪುಟ್ಟ ಗುಡಿ, ನಾವು ಅದನ್ನು ಗುಡಿ ಅಂತಲೇ ಕರೆಯುತ್ತಿದ್ದೆವು. ತಿಂಗಳಿಗೆ ಎರಡು ಭಾನುವಾರ ಫಾದರು ಬೈಕಿನಲ್ಲಿ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ನನ್ನ ಅಪ್ಪ ಅಮ್ಮ ಇಬ್ಬರೂ ಮಂಡ್ಯದ ಆಸ್ಪತ್ರೆಯೊಂದರಲ್ಲಿ ಪಾಳಿ ಕೆಲಸಕ್ಕಿದ್ದದ್ದರಿಂದ ನಾನು ಹತ್ತನೇ ಕ್ಲಾಸು ಮುಗಿಸುವವರೆಗೆ ಅಜ್ಜಿಯ ಹತ್ತಿರವೇ ಬೆಳೆದೆ. ಮನೆಯಲ್ಲಿ ಅಜ್ಜಿ, ಬೇಸಾಯ ನೋಡಿಕೊಳ್ಳುತ್ತಿದ್ದ ಅಂತೋಣಿ ಚಿಕ್ಕಪ್ಪ, ನಾನು. ತಾತ ನಾನು ಹುಟ್ಟುವ ಮೊದಲೇ ಹೋಗಿದ್ದರು. ನಾಡಹೆಂಚಿನ ತಗ್ಗು ಮನೆ, ಒಳಗೆ ಕಾಲಿಟ್ಟರೆ ಬೇಸಿಗೆಯಲ್ಲೂ ತಣ್ಣಗೆ. ನಡುಮನೆಯ ಗೋಡೆಯುದ್ದಕ್ಕೂ ಮಣ್ಣಿನ ಗುಡಾಣಗಳ ಸಾಲು, ಒಂದರಲ್ಲಿ ರಾಗಿ, ಒಂದರಲ್ಲಿ ಹುರುಳಿ, ಒಂದರಲ್ಲಿ ಅವರೆ. ಮಳೆಗಾಲದಲ್ಲಿ ಆ ಗುಡಾಣಗಳಿಗೆ ಬೆನ್ನು ಕೊಟ್ಟು ಕೂತು ಓದುತ್ತಿದ್ದೆ. ಬೆಚ್ಚಗಿರುತ್ತಿತ್ತು.

ಆ ಮನೆಯಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ಬೇರೆ ಯಾವ ಮನೆಯಲ್ಲೂ ನಾನದನ್ನು ಕಂಡಿಲ್ಲ. ನಮ್ಮ ಕೇರಿಯ ಉಳಿದ ಎಂಟು ಮನೆಗಳಲ್ಲೂ ಇರಲಿಲ್ಲ. ಶನಿವಾರ ಮಧ್ಯಾಹ್ನ ಊಟವಾಗಿ ಪಾತ್ರೆ ಬೆಳಗಿದ ಮೇಲೆ ಅಜ್ಜಿ ಕೈ ಒರೆಸಿಕೊಂಡು, ಸೆರಗು ತಲೆ ಮೇಲೆ ಎಳೆದುಕೊಂಡು, ಮನೆಯನ್ನು ದೇವರಿಗೆ ಒಪ್ಪಿಸುತ್ತಿದ್ದರು. ಒಪ್ಪಿಸುವುದೆಂದರೆ ಕಣ್ಣು ಮುಚ್ಚಿ ಕೂತು ಜಪ ಮಾಡುವುದಲ್ಲ. ಒಲೆಯಿಂದ ಶುರು ಮಾಡಿ ಒಂದೊಂದೇ ಸಾಮಾನಿನ ಮೇಲೆ ಕೈಯಿಟ್ಟು, ಅದರ ಯೋಗಕ್ಷೇಮವನ್ನು ಗಟ್ಟಿಯಾಗಿ ದೇವರಿಗೆ ವರದಿ ಮಾಡುವುದು. ಸರ್ವೇಶ್ವರ, ಈ ಗುದ್ದಲಿ ನಿನ್ನದು, ಕಾವು ಸಡಿಲವಾಗಿದೆ, ಸೋಮವಾರ ಆಚಾರಿ ಹತ್ತಿರ ಕಳಿಸುತ್ತೇನೆ. ಈ ಹಂಡೆ ನಿನ್ನದು, ತಳದಲ್ಲಿ ಸೋರುತ್ತಿದೆ, ನಾನೇ ಕುಕ್ಕಿದ್ದು, ಕ್ಷಮಿಸು. ಈ ಎತ್ತುಗಳು ನಿನ್ನವು, ಎಡಗಡೆಯದು ಸರಿಯಾಗಿ ಮೇಯುತ್ತಿಲ್ಲ. ಹೀಗೆ ಹಿತ್ತಲಿನ ತೆಂಗಿನ ಮರಗಳವರೆಗೆ ಹೋಗಿ, ಕೊನೆಗೆ ನನ್ನ ನೆತ್ತಿಯ ಮೇಲೆ ಕೈಯಿಡುತ್ತಿದ್ದರು. ಇವಳೂ ನಿನ್ನವಳೇ, ಮೊಣಕೈ ಗಾಯ ಮಾಯುತ್ತಾ ಇದೆ, ಈ ವಾರ ಎರಡು ಸುಳ್ಳು ಹೇಳಿದ್ದಾಳೆ. ನನಗೆ ಒಂದೇ ಭಯ. ಮೂರನೆಯ ಸುಳ್ಳು ಅಜ್ಜಿಗೆ ಗೊತ್ತಾಗಿಲ್ಲ, ಆದರೆ ಮೇಲಿರುವವನಿಗೆ ಗೊತ್ತಿದೆಯಲ್ಲ ಅಂತ.

ನಾನೋ ಚಿಕ್ಕಂದಿನಿಂದಲೂ ಕೇಳಿದ್ದನ್ನೇ ಕೇಳುವ ಪಿರಿಪಿರಿ ಹುಡುಗಿ. ದೇವರಿಗೆ ಎಲ್ಲಾ ಗೊತ್ತು ಅಂತ ಧರ್ಮೋಪದೇಶದ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದಾರೆ, ಹಾಗಿದ್ದ ಮೇಲೆ ಹಂಡೆ ತೂತಾಗಿರುವುದನ್ನು ಅವನಿಗೆ ಯಾಕೆ ಹೇಳಬೇಕು ಅಂತ ಕೇಳಿದೆ. ಅಜ್ಜಿ ನಗಲಿಲ್ಲ. “ಅವನ್ಗೆ ಗೊತ್ತದೆ ಕಣ್ಮೊಗ. ನಂಗೆ ಗೊತ್ತಿರ್ಬೇಕಲ್ಲ,” ಅಂದರು. ಇದನ್ನು ಯಾರು ಕಲಿಸಿದ್ದು ಅಂತ ಕೇಳಿದ್ದಕ್ಕೆ ಒಂದು ಕಥೆಯೇ ಬಂತು. ಹದಿನಾರನೇ ವಯಸ್ಸಿಗೆ ಮದುವೆಯಾಗಿ ಈ ಕೇರಿಗೆ ಬಂದ ಹೊಸದರಲ್ಲಿ, ಆಗಿನ ಫಾದರು ಪ್ರಸಂಗದಲ್ಲಿ ಮನೆವಾರ್ತೆಯವನ ಸಾಮತಿ, ಅಂದರೆ ಬೈಬಲಿನ ಒಂದು ದೃಷ್ಟಾಂತ ಕಥೆ, ಹೇಳಿದರಂತೆ. ಯಜಮಾನ ಆಸ್ತಿಯನ್ನೆಲ್ಲ ಒಬ್ಬನ ಕೈಗೆ ಕೊಟ್ಟಿರುತ್ತಾನೆ, ಒಂದು ದಿನ ಕರೆದು, ನಿನ್ನ ಕೈಗೆ ಕೊಟ್ಟದ್ದೇನಾಯಿತು ಒಪ್ಪಿಸು ಅನ್ನುತ್ತಾನೆ. ಅಜ್ಜಿಗೆ ಅದನ್ನು ಕೇಳಿ ದಿಗಿಲಾಯಿತಂತೆ. ಒಂದೇ ದಿನ ಒಟ್ಟಿಗೆ ಕೇಳಿದರೆ ತನಗೆಲ್ಲಿ ನೆನಪಿರುತ್ತದೆ, ವಾರವಾರ ಒಪ್ಪಿಸಿಬಿಟ್ಟರೆ ಕೊನೆಯಲ್ಲಿ ಒಂದು ವಾರದ್ದಷ್ಟೇ ಉಳಿಯುತ್ತದೆ ಅಂತ ಆವತ್ತೇ ಶುರು ಮಾಡಿದ್ದಂತೆ. ಓದು ಬರಹ ಇಲ್ಲದ ಹೆಂಗಸು, ದೇವರ ಹತ್ತಿರ ಕಂತಿನಲ್ಲಿ ಒಪ್ಪಿಸಿಕೊಂಡು ಬಂದಿದ್ದರು. ಈಗ ನೆನೆಸಿಕೊಂಡರೆ ನಗುವೂ ಬರುತ್ತದೆ, ಒಂದು ಥರದ ಹೊಟ್ಟೆಕಿಚ್ಚೂ ಆಗುತ್ತದೆ.

ಗೌಡರ ಬೀದಿಯ ನಿಂಗಮ್ಮ ನಮ್ಮಜ್ಜಿಯ ಜೊತೆಗಾತಿ. ಇಬ್ಬರೂ ಒಂದೇ ವರ್ಷ ಮದುವೆಯಾಗಿ ಊರಿಗೆ ಬಂದವರು, ಒಂದೇ ನಾಲೆಯ ಸೋಪಾನದಲ್ಲಿ ಬಟ್ಟೆ ಒಗೆದವರು. ಗೌಡರ ಹೆಂಗಸರು ನಮ್ಮ ಕೇರಿಯಲ್ಲಿ ಕೂತು ಮಾತಾಡುವುದು ಕಮ್ಮಿ. ನಿಂಗಮ್ಮ ಮಾತ್ರ ಎಲೆಯಡಿಕೆ ಚೀಲ ಸಮೇತ ಬಂದು ನಮ್ಮ ಜಗುಲಿ ಮೇಲೆ ಕಾಲು ಚಾಚಿ ಕೂರುತ್ತಿದ್ದರು, ಯಾರಾದರೂ ನೋಡಿದರೆ ಇನ್ನೂ ಸ್ವಲ್ಪ ಚಾಚುತ್ತಿದ್ದರು. ಅವರ ಗಂಡ ತೀರಿಕೊಂಡ ಮೇಲೆ ನಾಲೆ ಕೆಳಗಿನ ಅರ್ಧ ಎಕರೆ ಗದ್ದೆ ಅವರ ಪಾಲಿಗೆ ಬಂದಿತ್ತು. ಆ ಗದ್ದೆಯಲ್ಲಿ ಅವರು ಬೆಳೆಯುತ್ತಿದ್ದದ್ದು ಮೀಸೆ ಭತ್ತ. ಕಾಳಿನ ತುದಿಯಲ್ಲಿ ಬೆರಳುದ್ದದ ಕಪ್ಪು ಮೀಸೆ ಇರುವ, ಒಳಗೆ ಕೆಂಪಕ್ಕಿಯ ಹಳೇ ನಾಟಿ ಭತ್ತ. ಅವರ ಮಾವನ ಕಾಲದಿಂದ ಆ ಮನೆಯಲ್ಲಿ ಉಳಿದುಕೊಂಡು ಬಂದದ್ದು. ಊರಿನವರೆಲ್ಲ ಎಂದೋ ಅಂಗಡಿ ಬೀಜಕ್ಕೆ ತಿರುಗಿದ್ದರು. ನಿಂಗಮ್ಮನ ಮೈದುನರೂ ತಿರುಗಿದ್ದರು. ಇಳುವರಿ ಇಲ್ಲದ ಈ ಭತ್ತ ಯಾಕೆ ಅತ್ತಿಗೆ ಅಂತ ಆಡಿಕೊಳ್ಳುತ್ತಿದ್ದರು. ಗಂಡ ಸಾಯುವ ವರ್ಷವೂ ತಾವೇ ತೆನೆ ಆರಿಸಿ ಬೀಜ ತೆಗೆದಿಟ್ಟು ಹೋದರು, ಅದು ನನಗೆ ಸಾಕು ಅನ್ನುತ್ತಿದ್ದರು ನಿಂಗಮ್ಮ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಸುಗ್ಗಿ ಮುಗಿದ ಮೇಲೆ, ನಿಂಗಮ್ಮ ಕನಕಪುರದ ಕಡೆ ಇದ್ದ ಮಗಳ ಬಾಣಂತನಕ್ಕೆ ಹೊರಟರು. ಗದ್ದೆಯನ್ನು ಮೈದುನರಿಗೆ ಒಂದು ವರ್ಷದ ಮಟ್ಟಿಗೆ ಬಿಟ್ಟುಕೊಟ್ಟರು. ಬೀಜವನ್ನು ಮಾತ್ರ ಬಿಡಲಿಲ್ಲ. ಅವರ ಹತ್ತಿರ ಬಿಟ್ಟರೆ ಕುಟ್ಟಿಸಿ ಉಂಡುಬಿಡುತ್ತಾರೆ ಅನ್ನುವುದು ಖಾತ್ರಿಯಿತ್ತು. ಹಾಡಹಗಲಲ್ಲಿ, ಬೀದಿಯವರೆಲ್ಲ ನೋಡುವ ಹಾಗೆ, ಗುಡಾಣವನ್ನು ತಲೆ ಮೇಲೆ ಹೊತ್ತುಕೊಂಡು ನಮ್ಮ ಕೇರಿಗೆ ಬಂದರು. ಬಾಯಿಗೆ ಸಗಣಿ ಮಣ್ಣು ಮೆತ್ತಿ ಬಿಗಿ ಮಾಡಿದ್ದರು. “ಚೌರಕ್ಕ, ಇದ ಮಡಿಕ್ಕೊ. ನಾ ಬರಗಂಟ ಯಾರ್ಗೂ ಕೊಡ್ಬ್ಯಾಡ, ಯಾರ್ಗೂ ಮುಟ್ಟುಸ್ಬ್ಯಾಡ,” ಅಂದರು. ಅಜ್ಜಿ ಗುಡಾಣ ಇಳಿಸಿಕೊಂಡು, ನಡುಮನೆಯ ಸಾಲಿನಲ್ಲಿ ನಮ್ಮ ಕಾಳುಗಳಿಗಿಂತ ಎತ್ತರದಲ್ಲಿ, ಎರಡು ಇಟ್ಟಿಗೆ ಕೊಟ್ಟು ಅದಕ್ಕೆ ಜಾಗ ಮಾಡಿದರು. ಒಂದು ಪೈರು ಕಳೆಯುವ ಹೊತ್ತಿಗೆ ಬಂದುಬಿಡುತ್ತೇನೆ ಅಂದು ನಿಂಗಮ್ಮ ಬಸ್ಸು ಹತ್ತಿದರು.

ಅವರು ಬರಲಿಲ್ಲ. ಮಗಳು ಹೆರಿಗೆಯ ನಂತರ ಹಾಸಿಗೆ ಹಿಡಿದಳು, ಸ್ವಲ್ಪ ಚೇತರಿಸಿಕೊಂಡು ಎದ್ದಳು ಅನ್ನುವಷ್ಟರಲ್ಲಿ ಇನ್ನೊಂದು ಮಗುವಾಯಿತು. ಒಂದು ವರ್ಷ ಎರಡಾಯಿತು, ಎರಡು ಮೂರಾಯಿತು. ಗುಡಾಣ ನಮ್ಮ ಶನಿವಾರದ ಸಾಲಿಗೆ ಸೇರಿತು. ಅದರ ಸರದಿ ಬಂದಾಗ ಅಜ್ಜಿಯ ದನಿ ಸ್ವಲ್ಪ ಬಿಗಿಯಾಗುತ್ತಿತ್ತು. ಸರ್ವೇಶ್ವರ, ಇದು ನಿನ್ನದು, ಆಮೇಲೆ ನಿಂಗವ್ವನದು, ನಾನು ಕಾವಲಷ್ಟೇ. ಮೆತ್ತಿದ ಮಣ್ಣು ಬಿರುಕು ಬಿಟ್ಟರೆ ಹೊಸದಾಗಿ ಮೆತ್ತುತ್ತಿದ್ದರು. ಇಲಿ ಬಾರದಿರಲೆಂದು ಸುತ್ತ ಲಕ್ಕಿ ಸೊಪ್ಪು ತುಂಬುತ್ತಿದ್ದರು, ಒಣಗಿದ ಹಾಗೆ ಬದಲಾಯಿಸುತ್ತಿದ್ದರು. ಮುಚ್ಚಳ ಒಂದು ದಿನವೂ ತೆಗೆಯಲಿಲ್ಲ. ನಾನೊಂದು ದಿನ ಮೀಸೆ ಹೇಗಿದೆ ನೋಡೋಣ ಅಂತ ಮಣ್ಣು ಕೆರೆಯಲು ಹೋಗಿ, ಬೆನ್ನಿಗೆ ಗುದ್ದು ತಿಂದೆ. ಅಜ್ಜಿಯ ಕೈಯಲ್ಲಿ ನಾನು ತಿಂದ ಗುದ್ದು ಅದೊಂದೇ.

ಈಗ ನಿಮಗೆ ಬೇಸಾಯ ಗೊತ್ತಿದ್ದರೆ ಹಣೆ ಹಣೆ ಚಚ್ಚಿಕೊಳ್ಳುತ್ತಿರುತ್ತೀರಿ. ರಾಗಿಯಾದರೆ ಹೇಗೋ ತಡೆದೀತು. ಭತ್ತದ ಬೀಜವನ್ನು ವರ್ಷ ವರ್ಷ ಮಣ್ಣಿಗೆ ಹಾಕಿ ಹೊಸದು ಮಾಡಿಕೊಳ್ಳದಿದ್ದರೆ ಒಳಗೊಳಗೇ ಜೀವ ಹೋಗುತ್ತದೆ. ಅಜ್ಜಿಗೆ ಗೊತ್ತಿರಲಿಲ್ಲವೇ? ಐದು ವರ್ಷದ ಹುಡುಗಿಯಾಗಿದ್ದಾಗಿನಿಂದ ನಾಟಿ ಹಾಕಿದ ಹೆಂಗಸಿಗೆ? ಗೊತ್ತಿತ್ತು. ಎರಡನೇ ವರ್ಷ ನಾಲೆಗೆ ನೀರು ಬಿಟ್ಟಾಗ ಚಿಕ್ಕಪ್ಪ ಬಿಡಿಸಿ ಹೇಳಿದರು. “ಅವ್ವಾ, ಬೀಜ ಸತ್ತೋಯ್ತದೆ. ನಮ್ ಗದ್ದೆ ಮೂಲೇಲಿ ಒಂದು ಪಾತಿ ಒಟ್ಲು ಬುಡನ, ಸಸಿ ಮಾಡಿ ನೆಡನ, ಬೆಳ್ದುದ್ದ ಅವರ್ಗೇ ಮಡುಗನ,” ಅಂದರು. ಅಜ್ಜಿ ಒಪ್ಪಲಿಲ್ಲ. ಯಾರಿಗೂ ಮುಟ್ಟಿಸಬೇಡ ಅಂದಿದ್ದಾಳೆ, ನಮ್ಮ ಮಣ್ಣಿಗೆ ಹಾಕಿದರೆ ಅದು ನಮ್ಮದಾಗಿಹೋಗುತ್ತದೆ ಅಂದರು. ಮೂರನೇ ವರ್ಷವೂ ಅದೇ ಮಾತು, ಅದೇ ಉತ್ತರ. ಚಿಕ್ಕಪ್ಪ ಟವಲು ಕೊಡವಿಕೊಂಡು ಎದ್ದುಹೋದರು.

ಯಾಕೆ ಹಾಗೆ ಮಾಡಿದರು ಅಂತ ನಾನು ಈ ವಯಸ್ಸಿನಲ್ಲೂ ಯೋಚಿಸುತ್ತಿರುತ್ತೇನೆ. ಕೊಟ್ಟ ಮಾತಿಗೆ ಅಂಟಿಕೊಂಡರು ಅಂದರೆ ಅರ್ಧ ನಿಜ. ಭಯವೂ ಇತ್ತು. ಗೌಡರ ಮನೆಯ ಭತ್ತ ನಮ್ಮ ಕೇರಿಯವರ ಗದ್ದೆಯಲ್ಲಿ ಮೀಸೆ ಬಿಟ್ಟುಕೊಂಡು ನಿಂತರೆ ಆ ಮೈದುನರ ಬಾಯಿಗೆ ಬೀಗ ಹಾಕುವವರು ಯಾರು? ಕದ್ದರು ಅನ್ನಲು ಅವರಿಗೆ ಎಷ್ಟು ಹೊತ್ತು ಬೇಕು? ಆದರೆ ಭಯವೊಂದೇ ಆಗಿದ್ದರೆ ನಿಂಗಮ್ಮನಿಗೆ ಒಂದು ಕಾಗದ ಹಾಕಿಸಿ ಕೇಳಬಹುದಿತ್ತು. ಬರೆದುಕೊಡಲು ನಾನಿದ್ದೆ. ಕೇಳಲಿಲ್ಲ. ತನ್ನ ಕೈ ಚೊಕ್ಕಟವಾಗಿದೆ, ಒಂದು ಕಾಳೂ ಅತ್ತಿತ್ತ ಆಗಿಲ್ಲ ಅಂತ ಪ್ರತಿ ಶನಿವಾರ ದೇವರ ಎದುರು ನಿಂತು ಹೇಳುವುದರಲ್ಲಿ ನಮ್ಮಜ್ಜಿಗೆ ಒಂದು ಸುಖವಿತ್ತು ಅಂತ ನನಗೆ ಈಗ ಅನ್ನಿಸುತ್ತದೆ. ಹೀಗೆ ಹೇಳಲು ಸಂಕಟವಾಗುತ್ತದೆ. ನನ್ನನ್ನು ಸಾಕಿದ ಕೈ ಅದು. ಆದರೂ ಹೇಳಬೇಕು, ಅವರೇ ಹಂಡೆ ಕುಕ್ಕಿದ್ದು ನಾನು ಅಂತ ಒಪ್ಪಿಕೊಂಡವರಲ್ಲವೇ.

ನಾಲ್ಕನೇ ವರ್ಷ, ನಾಲೆಗೆ ನೀರು ಬಿಡುವ ವಾರ, ನಿಂಗಮ್ಮ ಬಂದರು. ಸೊರಗಿದ್ದರು, ಕೂದಲು ಬೆಳ್ಳಗಾಗಿತ್ತು. ಮನೆಗೆ ಹೋಗುವ ಮೊದಲೇ ಬ್ಯಾಗು ಹಿಡಿದು ನಮ್ಮ ಜಗುಲಿಗೆ ಬಂದು ಕೂತರು. ಅಜ್ಜಿ ಗುಡಾಣವನ್ನು ಹೊರಗೆ ತಂದು, ಕೇರಿಯ ನಾಲ್ಕು ಜನರ ಮುಂದೆ ಮಣ್ಣು ಕೆರೆದು ಬಾಯಿ ತೆಗೆದರು. ನಾನು ಎಲ್ಲರಿಗಿಂತ ಮುಂದೆ ತಲೆ ತೂರಿಸಿದ್ದೆ. ಅಷ್ಟು ವರ್ಷ ಕಾದಿದ್ದ ಮೀಸೆ ಭತ್ತ ಕೊನೆಗೂ ಕಣ್ಣಿಗೆ ಬಿತ್ತು. ಚಿನ್ನದ ಬಣ್ಣದ ಕಾಳು, ಕಪ್ಪು ಮೀಸೆ, ಒಂದು ಹುಳವಿಲ್ಲ, ಒಂದು ಜೊಳ್ಳಿಲ್ಲ, ನಿನ್ನೆ ಒಕ್ಕಣೆ ಮಾಡಿ ತಂದ ಹಾಗಿತ್ತು. ನಿಂಗಮ್ಮ ಒಂದು ಬೊಗಸೆ ಎತ್ತಿ ಕೆನ್ನೆಗೆ ಒತ್ತಿಕೊಂಡರು, ಮೀಸೆ ಚುಚ್ಚಿ ನಕ್ಕರು. ಚೌರಕ್ಕನ ಹಾಗೆ ಮಡಗುವವರು ಈ ತಾಲೂಕಿನಲ್ಲೇ ಇಲ್ಲ ಅಂದರು. ಅಜ್ಜಿಯ ಮುಖದಲ್ಲಿ ಆವತ್ತು ಕಂಡ ಖುಷಿಯನ್ನು ನಾನು ಮತ್ತೆ ಕಾಣಲಿಲ್ಲ. ಚಿಕ್ಕಪ್ಪ ಮಾತ್ರ ಒಂದು ಕಾಳು ಬಾಯಿಗೆ ಹಾಕಿಕೊಂಡು ಕಚ್ಚಿ ನೋಡಿ, ಎತ್ತುಗಳ ಕಡೆ ಹೋದರು.

ನಿಂಗಮ್ಮ ಭತ್ತವನ್ನು ಒಂದು ಹಗಲು ಒಂದು ರಾತ್ರಿ ನೆನೆಹಾಕಿ, ಗೋಣಿಯಲ್ಲಿ ಕಟ್ಟಿ, ಹುಲ್ಲು ಹೊದಿಸಿ, ಮೇಲೆ ಕಲ್ಲು ಹೇರಿ ಮೊಳಕೆಗೆ ಇಟ್ಟರು. ಮೂರನೇ ದಿನ ಬಿಚ್ಚಿದಾಗ ಮೊಳಕೆ ಇರಲಿಲ್ಲ. ಇನ್ನೊಂದು ದಿನ ನೋಡೋಣ ಅಂದರು. ಇನ್ನೊಂದು ದಿನಕ್ಕೆ ಹುಳಿ ವಾಸನೆ ಬಂತು. ನಾನೂ ಅಜ್ಜಿಯೂ ಅವರ ಹಿತ್ತಲಿಗೆ ಹೋದಾಗ ನಿಂಗಮ್ಮ ಗೋಣಿಯನ್ನು ಪೂರಾ ಹರಡಿಕೊಂಡು, ಒಂದೊಂದೇ ಕಾಳನ್ನು ಉಗುರಿನಿಂದ ಬಿಡಿಸಿ ನೋಡುತ್ತಾ ಕೂತಿದ್ದರು. ಅಜ್ಜಿಯೂ ಎದುರಿಗೆ ಕೂತು ಬಿಡಿಸತೊಡಗಿದರು. ಒಂದರಲ್ಲೂ ಜೀವ ಇರಲಿಲ್ಲ. ಕೊನೆಗೆ ನಿಂಗಮ್ಮ ತಲೆ ಎತ್ತಿದರು, ದನಿ ಎತ್ತಲಿಲ್ಲ.

“ಮಡಿಕ್ಕೊ ಅಂದ್ರೆ ಮಡಿಕ್ಕಂಡೇ ಕೂತ್ಕಂಡ್ಯಾ ಚೌರಕ್ಕ? ನನ್ ಮೊಗೀನ ಬುಟ್ಟೋಗಿದ್ರೆ ಯಾರ್ದೋ ಮೊಗ ಅಂತ ಉಣ್ಣಕ್ಕಿಕ್ದೆ ಮಡುಗ್ತಿದ್ಯಾ?”

ಅಜ್ಜಿ ಎದ್ದರು. ದಾರಿಯುದ್ದಕ್ಕೂ ನನ್ನ ಕೈ ಹಿಡಿದಿದ್ದರು. ಆ ಶನಿವಾರ ಒಲೆಯಿಂದ ಶುರು ಮಾಡಲಿಲ್ಲ. ನೇರವಾಗಿ ಹೋಗಿ ಆ ಇಟ್ಟಿಗೆಗಳ ಮುಂದೆ ನಿಂತರು. ಗುಡಾಣ ಅಲ್ಲಿರಲಿಲ್ಲ, ಇಟ್ಟಿಗೆ ಮಾತ್ರ ಇದ್ದವು. ಸರ್ವೇಶ್ವರ, ಇಲ್ಲಿದ್ದದ್ದು ನಿಂಗವ್ವನದು, ನಾನು ಕೊಂದೆ ಅಂದರು. ಕ್ಷಮಿಸು ಅನ್ನಲಿಲ್ಲ. ಹಂಡೆಗೆ ಕ್ಷಮೆ ಕೇಳಿದವರು ಇದಕ್ಕೆ ಯಾಕೆ ಕೇಳಲಿಲ್ಲ ಅಂತ ನನ್ನ ಬಾಯಿ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. ನನಗೆ ಅಳು ಬಂದುಬಿಟ್ಟಿತು. ಆವತ್ತು ಉಳಿದ ಸಾಮಾನುಗಳ ವರದಿಯಾಗಲಿಲ್ಲ, ನನ್ನ ಸುಳ್ಳುಗಳದೂ ಆಗಲಿಲ್ಲ.

ಗೌಡರ ಬೀದಿಯಲ್ಲಿ ಮಾತು ಹುಟ್ಟಿತು. ಮೈದುನರು, ಆ ಕೇರಿಯವರು ಒಳ್ಳೇ ಭತ್ತ ತಿಂದು ಹಳೇದು ತುಂಬಿಟ್ಟಿರಬೇಕು ಅಂತ ಅರಳಿಕಟ್ಟೆಯಲ್ಲಿ ಶುರು ಮಾಡಿದರಂತೆ. ನೀರಿಗೆ ಬಂದಿದ್ದ ನಿಂಗಮ್ಮ ಬಿಂದಿಗೆ ಕೆಳಗಿಟ್ಟು, “ಒಂದು ಕಾಳೂ ಕಮ್ಮಿ ಇರ್ಲಿಲ್ಲ. ಅದೇ ಅವ್ಳ ತಪ್ಪು,” ಅಂದು ಮತ್ತೆ ಬಿಂದಿಗೆ ಎತ್ತಿಕೊಂಡು ಹೋದರಂತೆ. ಚಿಕ್ಕಪ್ಪ ಬಂದು ಹೇಳಿದ ಈ ಮಾತು ಕೇಳಿ ಅಜ್ಜಿ ಮೊರ ಎಳೆದುಕೊಂಡು ರಾಗಿ ಆರಿಸತೊಡಗಿದರು. ಅಷ್ಟು ಹೇಳಿದರೂ ನಿಂಗಮ್ಮ ನಮ್ಮ ಜಗುಲಿಗೆ ಬರುವುದನ್ನು ನಿಲ್ಲಿಸಿಬಿಟ್ಟರು. ನಲ್ಲಿಯ ಹತ್ತಿರ ಸಿಕ್ಕಿದರೆ ನನ್ನನ್ನು ಮಾತಾಡಿಸುತ್ತಿದ್ದರು, ಓದು ಹೇಗಿದೆ ಅನ್ನುತ್ತಿದ್ದರು. ಅಜ್ಜಿಯ ವಿಷಯ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಅದೇ ವರ್ಷದ ಕೊನೆಯ ಕಡೆ ಒಂದು ಭಾನುವಾರ ಫಾದರು ಬೈಬಲಿನಿಂದ ಓದಿದ ಶುಭಸಂದೇಶ ಇನ್ನೊಬ್ಬ ಆಳಿನದು. ಯಜಮಾನ ಕೊಟ್ಟದ್ದನ್ನು ಕಳೆಯಬಾರದೆಂದು ನೆಲದಲ್ಲಿ ಹೂತಿಟ್ಟು, ಇದ್ದ ಹಾಗೇ ವಾಪಸು ಕೊಟ್ಟು ಬೈಸಿಕೊಂಡವನು. ಅಜ್ಜಿ ಅದನ್ನು ಎಷ್ಟೋ ಸಲ ಕೇಳಿರಬೇಕು. ಆವತ್ತು ಮಾತ್ರ ಚಾಪೆಯ ಮೇಲೆ ಕೂತಿದ್ದವರು ಮುಂದಕ್ಕೆ ಬಾಗಿ, ಫಾದರ ಬಾಯನ್ನೇ ನೋಡುತ್ತಿದ್ದರು. ಫಾದರು ಆ ಆಳು ಸೋಮಾರಿ ಅಂದರು, ಕೆಟ್ಟವನು ಅಂದರು. ಮನೆಗೆ ಬರುವಾಗ ಅಜ್ಜಿ ದಾರಿ ಮಧ್ಯೆ ನಿಂತುಬಿಟ್ಟರು. “ಕೆಟ್ಟೋನಲ್ಲ ಕಣ್ಮೊಗ. ಎದ್ರಿಕಂಡಿದ್ದ,” ಅಂದರು. ಫಾದರ ಮಾತಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ಶುರುವಾದದ್ದು ಹುಡುಕಾಟ. ನಾಲೆ ಬಯಲಿನಲ್ಲಿ ಎಲ್ಲಾದರೂ ಯಾರ ಹತ್ತಿರವಾದರೂ ಮೀಸೆ ಭತ್ತ ಇದ್ದೇ ಇರುತ್ತದೆ ಅನ್ನುವುದು ಅಜ್ಜಿಯ ನಂಬಿಕೆ. ಭತ್ತ ತೆನೆ ಬಿಚ್ಚುವ ಕಾಲದಲ್ಲಿ, ಶಾಲೆಗೆ ರಜೆ ಸಿಕ್ಕಾಗಲೆಲ್ಲ, ನನ್ನನ್ನು ಕರೆದುಕೊಂಡು ಬಸ್ಸು ಹತ್ತಿಬಿಡುತ್ತಿದ್ದರು. ಚಿಕ್ಕರಸಿನಕೆರೆ ಕಡೆ ಹೋದೆವು, ಮಳವಳ್ಳಿ ಸಂತೆಯಲ್ಲಿ ಭತ್ತದ ರಾಶಿಗಳ ನಡುವೆ ಓಡಾಡಿದೆವು, ಯಾರೋ ಹೇಳಿದರೆಂದು ಕೊತ್ತತ್ತಿಯ ಬಯಲಿಗೂ ಹೋಗಿ ಬಂದೆವು. ನನಗೆ ಅದು ಹಬ್ಬ. ಕಿಟಕಿ ಪಕ್ಕ ಕೂತು ಗದ್ದೆಗಳಲ್ಲಿ ಮೀಸೆ ಹುಡುಕುವುದು ನನ್ನ ಕೆಲಸ, ಕಂಡಕ್ಟರಿಗೆ ಬಸ್ಸು ನಿಲ್ಲಿಸಿ ಅನ್ನುವುದು ಅಜ್ಜಿಯ ಕೆಲಸ. ಎರಡು ಸಲ ಮೀಸೆ ಕಂಡು ಇಳಿದೆವು. ಎರಡೂ ಸಲ ಬೇರೆ ಯಾವುದೋ ತಳಿಯ ಬೆರಕೆ. ಗದ್ದೆ ಬದುವಿನಲ್ಲಿ ನಿಂತ ಅಪರಿಚಿತರಿಗೆ ಅಜ್ಜಿ ತನ್ನ ತಪ್ಪನ್ನು ಮೊದಲು ಹೇಳಿ, ಆಮೇಲೆ ಭತ್ತದ ಗುರುತು ಹೇಳುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ತಪ್ಪು ಯಾಕೆ ಹೇಳಬೇಕು, ಭತ್ತ ಇದೆಯಾ ಅಂತ ಕೇಳಿದರೆ ಸಾಲದೇ ಅಂದೆ. ಯಾತಕ್ಕೆ ಬೇಕು ಅಂತ ಗೊತ್ತಾಗದೆ ಯಾರು ಬೀಜ ಕೊಡುತ್ತಾರೆ ಅಂದರು. ಮೀಸೆ ಭತ್ತ ಸಿಗಲಿಲ್ಲ. ಇತ್ತು ಅಂದವರು ಬೇಕಾದಷ್ಟು ಜನ ಸಿಕ್ಕಿದರು, ಇದೆ ಅಂದವರು ಒಬ್ಬರೂ ಸಿಕ್ಕಲಿಲ್ಲ.

ಆ ದಿನಗಳಲ್ಲೇ ಶನಿವಾರದ ಒಪ್ಪಿಸುವಿಕೆಯೂ ಬದಲಾಯಿತು. ಮೊದಲು ಗುದ್ದಲಿ ಗಟ್ಟಿಯಾಗಿದೆಯಾ, ಹಂಡೆ ಸೋರುತ್ತಿದೆಯಾ ಅಂತ ವರದಿಯಾಗುತ್ತಿತ್ತು. ಈಗ ಅಜ್ಜಿ ಗುದ್ದಲಿ ಮೇಲೆ ಕೈಯಿಟ್ಟು, ಈ ವಾರ ಇದು ಯಾರ ಕೆಲಸಕ್ಕೆ ಆಯಿತು ಅಂತ ನನ್ನನ್ನು ಕೇಳುತ್ತಿದ್ದರು. ಯಾರಿಗೂ ಆಗಿಲ್ಲ ಅಂದರೆ ಬೇಜಾರು. ನಮ್ಮ ಏಣಿ ಊರೆಲ್ಲ ತಿರುಗಿ ಒಂದು ಮೆಟ್ಟಿಲು ಕಳೆದುಕೊಂಡು ಬಂತು. ಹಂಡೆ ಮದುವೆ ಮನೆಗಳಲ್ಲಿ ಮಸಿ ಹಿಡಿಯಿತು. ಎತ್ತುಗಳನ್ನೂ ಕೇಳಿದವರಿಗೆ ಕೊಟ್ಟು ಚಿಕ್ಕಪ್ಪನ ಹತ್ತಿರ ಜಗಳವಾಯಿತು. ನೋಡುನೋಡುತ್ತಾ ನಮ್ಮ ಮನೆ ಸಾಮಾನುಗಳು ಸವೆದುಹೋದವು. ನನ್ನ ನೆತ್ತಿಯ ಮೇಲೂ ಅದೇ ಪ್ರಶ್ನೆ ಬರುತ್ತಿತ್ತು, ಇವಳು ಈ ವಾರ ಯಾರಿಗಾದಳು ಅಂತ. ಸುಳ್ಳಿನ ವರದಿಯೇ ವಾಸಿಯಿತ್ತು.

ಹೀಗೆ ಒಂದೂವರೆ ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ನಾನು ಸ್ಕೂಲಿಗೆ ಎರಡು ಜಡೆ ಹಾಕಿಸಿಕೊಳ್ಳುತ್ತಿದ್ದಾಗ ಬಾಗಿಲಲ್ಲಿ ದನದ ಗೊರಸಿನ ಸದ್ದಾಯಿತು. ನೋಡಿದರೆ ನಿಂಗಮ್ಮ. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಅವರ ಕೆಂದು ಹಸು, ಪಕ್ಕದಲ್ಲಿ ಅದರ ಕರು. ಕಣ್ಣಿಗೆ ಪೊರೆ ಬಂದಿದೆ, ಮಂಡ್ಯದಲ್ಲಿ ಆಪರೇಷನ್ನು, ಆಮೇಲೆ ಮಗಳ ಮನೆಯಲ್ಲಿ ಒಂದು ತಿಂಗಳು ಧೂಳಿಗೆ ಹೋಗಬಾರದಂತೆ ಅಂದರು. ಅಜ್ಜಿ ನನ್ನ ಜಡೆಯನ್ನು ಅರ್ಧಕ್ಕೆ ಬಿಟ್ಟು ಎದ್ದು ನಿಂತರು. ಬೇರೆಯವರ ಹತ್ತಿರ ಬಿಟ್ಟು ಹೋಗು ನಿಂಗವ್ವ, ನನ್ನ ಕೈ ಸರಿಯಿಲ್ಲ ಅಂದರು. ನಿಂಗಮ್ಮ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ, ಹಗ್ಗವನ್ನು ನಮ್ಮ ಕಂಬಕ್ಕೆ ಕಟ್ಟಿದರು. ಹಾಗಾದರೆ ಹಾಲು ದಿನಾ ನಿನ್ನ ಹೆಸರಿಗೇ ಡೈರಿಗೆ ಹಾಕಿಬಿಡುತ್ತೇನೆ ಅಂದರು ಅಜ್ಜಿ. ಆಗ ನಿಂಗಮ್ಮ ತಿರುಗಿದರು.

“ಡೈರಿಗೆ ಹಾಕುದ್ರೆ ಹಸ ವಾಪಸ್ ಹೊಡ್ಕಂಡೋಯ್ತೀನಿ. ಕರ್ಕಂಡು ಕುಡೀರಿ. ಆ ಎಣ್ಣುಮೊಗೀಗೆ ಕೊಡು, ನೀನೂ ಕುಡಿ. ಮಡಿಕ್ಕಂಡು ಕೂತ್ಕೊಬ್ಯಾಡ ಚೌರಕ್ಕ.”

ಅವರು ಹೋದ ಮೇಲೆ ಅಜ್ಜಿ ಸ್ವಲ್ಪ ಹೊತ್ತು ಹಸುವಿನ ಮುಂದೆ ನಿಂತಿದ್ದರು, ಆಮೇಲೆ ಚೊಂಬು ತಂದು ಕುಕ್ಕರುಗಾಲಲ್ಲಿ ಕೂತು ಕರೆದರು. ಕಾಯಿಸುವ ತನಕ ಕಾಯಲಿಲ್ಲ. ನೊರೆ ಹಾಲನ್ನು ಒಂದು ಲೋಟ ನನಗೆ ಕೊಟ್ಟು, ಒಂದು ಲೋಟ ತಾವು ತೆಗೆದುಕೊಂಡರು. ಬೇರೆಯವರದ್ದೆಂದು ಒಪ್ಪಿಸಿದ ಯಾವುದನ್ನೂ ಜನ್ಮದಲ್ಲಿ ಬಾಯಿಗೆ ಹಾಕಿಕೊಂಡವರಲ್ಲ. ಒಂದು ಗುಟುಕು ಕುಡಿದರು, ಕಣ್ಣೀರು ಇಳಿಯಿತು, ಸೆರಗಿನಲ್ಲಿ ಒರೆಸಿಕೊಂಡು ಇನ್ನೊಂದು ಗುಟುಕು ಕುಡಿದರು. ನಾನು ಸ್ಕೂಲಿಗೆ ಒಂದೇ ಜಡೆ ಹಾಕಿಕೊಂಡು ಹೋದೆ. ಒಂದೂವರೆ ತಿಂಗಳ ಮೇಲೆ ನಿಂಗಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಬಂದು, ಹಸುವಿನ ಪಕ್ಕೆ ತಡವಿ, ಆಮೇಲೆ ನನ್ನ ಕೆನ್ನೆ ಹಿಂಡಿ, ಹಸ ಇಳಿದಿದೆ ಹುಡುಗಿ ಏರಿದ್ದಾಳೆ, ಸರಿಯಾಗಿದೆ ಅಂದರು. ಆವತ್ತು ಅವರು ಮತ್ತೆ ನಮ್ಮ ಜಗುಲಿಯ ಮೇಲೆ ಕಾಲು ಚಾಚಿ ಕೂತರು, ಮಧ್ಯಾಹ್ನದ ಊಟಕ್ಕೂ ಮನೆಗೆ ಹೋಗಲಿಲ್ಲ.

ಅಜ್ಜಿ ಹೋಗಿ ಬಹಳ ವರ್ಷಗಳಾದವು. ಚಿಕ್ಕಪ್ಪ ಆ ಮನೆ ಬೀಳಿಸಿ ತಾರಸಿ ಮನೆ ಕಟ್ಟಿಸಿದ್ದಾರೆ, ಗುಡಾಣಗಳು ಏನಾದವೋ ಗೊತ್ತಿಲ್ಲ. ನಿಂಗಮ್ಮನನ್ನು ನಾನು ಕೊನೆಯ ಸಲ ನೋಡಿದಾಗ ಅವರಿಗೆ ಎಂಬತ್ತು ದಾಟಿತ್ತು. ಮೈದುನನ ಮೊಮ್ಮಕ್ಕಳ ನಡುವೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ನನ್ನ ಕೈ ಹಿಡಿದು, ಗುರುತು ಸಿಕ್ಕಿದ ಮೇಲೆ ಬಿಡಲೇ ಇಲ್ಲ. ಅಜ್ಜಿಯ ಮಾತು ಬಂತು, ನಗು ಬಂತು, ಅಳುವೂ ಬಂತು. ಏಳುವ ಮೊದಲು, ಅಷ್ಟು ವರ್ಷಗಳಿಂದ ಯಾರನ್ನು ಕೇಳಬೇಕೆಂದು ತಿಳಿಯದೆ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದೆ. ಮೀಸೆ ಭತ್ತದ ಅನ್ನ ತಿಂದರೆ ಹೇಗಿರುತ್ತಿತ್ತು, ಸಿಹಿಯಾಗಿತ್ತಾ, ಒಗರಾಗಿತ್ತಾ ಅಂತ. ನಿಂಗಮ್ಮ ಬಾಯಿ ಆಡಿಸಿದರು, ಹಲ್ಲಿಲ್ಲದ ವಸಡಿನಲ್ಲಿ ಏನನ್ನೋ ಅಗಿಯುವ ಹಾಗೆ ಮಾಡಿದರು.

“ಉಂಡು ಯಾವ ಕಾಲಾಯ್ತು. ಬಾಯ್ಗೆ ಗ್ಯಾಪ್ಕ ಇಲ್ಲ ಕಣವ್ವ. ನಾಕೊರ್ಸ ನಿಮ್ಮನೇಲಿತ್ತಲ್ಲ, ಒಂದ್ಸಲನಾದ್ರೂ ಬೇಯಿಸ್ಕಂಡು ಉಂಡಿದ್ರೆ ಈಗ ನೀನಾದ್ರೂ ಅದ್ರ ರುಚಿಯ ನಂಗೆ ಏಳ್ಬೋದಿತ್ತು,” ಅಂದರು.

ನಿಂಗಮ್ಮ ಹೋಗಿ ಈಗ ಆರು ವರ್ಷ, ಅವರ ಮಗಳೂ ಮೈದುನರೂ ಅದಕ್ಕೂ ಮೊದಲೇ ಹೋಗಿದ್ದರು. ನನಗೆ ಗೊತ್ತಿದ್ದ ಹಾಗೆ, ಆ ಅನ್ನ ಉಂಡವರು ಇನ್ನು ಯಾರೂ ಉಳಿದಿಲ್ಲ.